ಮುತ್ಯಾನ ಪಾಲು

ಜಗತ್ತಿನ ಅತಿ ಸಿರಿವಂತನ ರಾಜ್ಯದಲ್ಲಿದ್ದು ಬಡತನ ಉಂಡ ನಾಡು ಕೊಪ್ಪಳ. ಒಬ್ಬರ ಕೈಯಲ್ಲಿ ಗುಡ್ಡೆಯಾಗುವ ಸಂಪತ್ತು ಉಳಿದವರನ್ನು ಏನು ಮಾಡುತ್ತದೆ ಎಂಬುದನ್ನು ಈ ನೆಲ ಎರಡು ಸಲ ಕಂಡಿದೆ.

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಜನ ಹೆಚ್ಚು ಹೊತ್ತು ನಿಲ್ಲುವುದು ಎರಡು ಕಡೆ. ಒಂದು, ಗಂಟೆಗೊಮ್ಮೆ ಪುಟ್ಟ ಬೊಂಬೆ ಹೊರಬಂದು ಗಂಟೆ ಬಾರಿಸುವ ಗಡಿಯಾರದ ಮುಂದೆ. ಇನ್ನೊಂದು, ಮುಸುಕಿನ ರೆಬೆಕ್ಕಾಳ ಮುಂದೆ. ಬಿಳಿ ಅಮೃತಶಿಲೆಯ ಆ ಹೆಣ್ಣಿನ ಮುಖದ ಮೇಲೆ ತೆಳ್ಳನೆಯ ಸೆರಗು ಇಳಿಬಿದ್ದಿದೆ. ಸೆರಗೂ ಕಲ್ಲೇ, ಅದರ ಹಿಂದೆ ಕಾಣುವ ಮೂಗು, ತುಟಿ, ರೆಪ್ಪೆಯೂ ಕಲ್ಲೇ. ಇಟಲಿಯ ಶಿಲ್ಪಿ ಬೆಂಜೋನಿಯ ಕೈಚಳಕ ಅದು. 1876ರಲ್ಲಿ ರೋಮ್‌ಗೆ ಹೋಗಿದ್ದ ಹೈದರಾಬಾದಿನ ದಿವಾನ ಮೊದಲನೆಯ ಸಾಲಾರ್ ಜಂಗ್ ಅದನ್ನು ಕೊಂಡು ತಂದ.

ಕೆಲವು ವರ್ಷಗಳ ಹಿಂದೆ ಯಲಬುರ್ಗಾ ಕಡೆಯ ನಮ್ಮ ಬಂಧುವೊಬ್ಬರ ಜೊತೆ ಅಲ್ಲಿ ನಿಂತಿದ್ದೆ. ಎಪ್ಪತ್ತು ದಾಟಿದ ಒಕ್ಕಲಿಗರು, ನಾನು ಕಾಕಾ ಎಂದು ಕರೆಯುವವರು. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಆ ಮೂರ್ತಿಯನ್ನು ಸುತ್ತುಹಾಕಿ ನೋಡಿದರು.

‘ಕಲ್ಲಾಗ ಸೀರಿ ಉಡಿಸ್ಯಾನಲ್ಲಪಾ! ಯಾರು ಕೊಂಡಿದ್ರು ಇದನ್ನ?’

‘ಸಾಲಾರ್ ಜಂಗ್, ಕಾಕಾ. ನಮ್ಮ ಕೊಪ್ಪಳ, ಯಲಬುರ್ಗಾ ಎರಡೂ ಆ ಮನೆತನದ ಜಹಗೀರು ಆಗಿದ್ವು.’

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಅಂದರು: ‘ಹಂಗಾರ ಇದರಾಗ ನಮ್ಮ ಮುತ್ಯಾನ ಪಾಲೂ ಐತಿ ಅನ್ನು.’

ಆ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ವಿಪರೀತ ಸಿರಿವಂತಿಕೆಯ ಬಗ್ಗೆ ಯೋಚಿಸುವಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆ ಅದರಲ್ಲೇ ಇದೆ. ಇದರಲ್ಲಿ ಯಾರ ಯಾರ ಪಾಲಿದೆ?

ವಜ್ರ ಪೇಪರ್‌ವೇಟ್ ಆದ ಕಾಲ

1937ರ ಫೆಬ್ರುವರಿ 22ರ ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ಚಿತ್ರ ಬಂತು. ಜಗತ್ತಿನ ಅತಿ ಶ್ರೀಮಂತ ಮನುಷ್ಯ ಎಂದು ಪತ್ರಿಕೆ ಅವನನ್ನು ಕರೆದಿತ್ತು. ಅಪ್ಪನ ಬೂಟಿನೊಳಗೆ ಸಿಕ್ಕ ಜೇಕಬ್ ವಜ್ರವನ್ನು ಅವನು ಮೇಜಿನ ಮೇಲಿನ ಕಾಗದ ಹಾರದಂತೆ ಇಡಲು ಬಳಸುತ್ತಿದ್ದ ಎಂಬ ಕಥೆ ಇಂದಿಗೂ ಹೇಳಲ್ಪಡುತ್ತದೆ. 1995ರಲ್ಲಿ ಭಾರತ ಸರ್ಕಾರ ಆ ವಜ್ರವೂ ಸೇರಿ ನಿಜಾಮನ ಆಭರಣಗಳನ್ನು 218 ಕೋಟಿ ರೂಪಾಯಿಗೆ ಕೊಂಡಿತು.

ಆಗ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ನಾಲ್ಕೂ ಅವನ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದವು. ಜಗತ್ತಿನ ಅತಿ ಸಿರಿವಂತ ಆಳುತ್ತಿದ್ದ ಆ ರಾಜ್ಯದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಹತ್ತು ಜನರೂ ಇರಲಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲೇ ಶುರುವಾಯಿತು ನಿಜ. ಆದರೆ ಅಲ್ಲಿನ ಪಾಠ ಉರ್ದುವಿನಲ್ಲಿ. ಕುಷ್ಟಗಿಯ ಹಳ್ಳಿಯ ಹುಡುಗನಿಗೆ ಅದರ ಬಾಗಿಲು ದೂರದಲ್ಲೇ ಇತ್ತು.

ಇಷ್ಟು ಸಂಪತ್ತು ಒಂದೇ ಮನೆಯಲ್ಲಿ ಹೇಗೆ ಸೇರಿತು? ಹೈದರಾಬಾದ್ ಸಂಸ್ಥಾನದ ಎಲ್ಲ ಭೂಮಿಯ ಕಂದಾಯ ಸರ್ಕಾರದ ಖಜಾನೆಗೆ ಹೋಗುತ್ತಿರಲಿಲ್ಲ. ರಾಜ್ಯದ ಸುಮಾರು ಹತ್ತರಲ್ಲಿ ಒಂದು ಭಾಗ ‘ಸರ್ಫೆ-ಖಾಸ್’, ಅಂದರೆ ನಿಜಾಮನ ಖಾಸಗಿ ಸ್ವತ್ತು. ಅಲ್ಲಿನ ಹುಟ್ಟುವಳಿ ನೇರವಾಗಿ ಅವನ ಸ್ವಂತಕ್ಕೆ. ಅದರ ಜೊತೆಗೆ ದೊಡ್ಡ ಮನೆತನಗಳಿಗೆ ಕಂದಾಯದ ಹಕ್ಕು ಬಿಟ್ಟುಕೊಟ್ಟ ಜಹಗೀರುಗಳು. ಇವೆಲ್ಲ ಸೇರಿದರೆ ರಾಜ್ಯದ ಐದು ಪಾಲು ಭೂಮಿಯಲ್ಲಿ ಎರಡು ಪಾಲಿನಷ್ಟು ಸರ್ಕಾರದ ನೇರ ಕಂದಾಯದಿಂದ ಹೊರಗಿತ್ತು. ಜಹಗೀರುದಾರ ಹೈದರಾಬಾದಿನ ತನ್ನ ದೇವಡಿಯಲ್ಲಿ, ಅಂದರೆ ಮಹಲಿನಲ್ಲಿ, ಇರುತ್ತಿದ್ದ. ಇಲ್ಲಿ ಅವನ ಅಮಲುದಾರರು ಸುಗ್ಗಿಯ ಹೊತ್ತಿಗೆ ಲೆಕ್ಕ ಹಾಕುತ್ತಿದ್ದರು. ದೊಡ್ಡ ಜಹಗೀರುಗಳಿಗೆ ತಮ್ಮದೇ ಪೊಲೀಸು, ತಮ್ಮದೇ ಕಚೇರಿ. ವಸೂಲಿ ಮಾಡುವವನೂ ನ್ಯಾಯ ಹೇಳುವವನೂ ಒಂದೇ ಮನೆಯ ಆಳಾದಾಗ ರೈತ ದೂರು ಒಯ್ಯುವುದಾದರೂ ಎಲ್ಲಿಗೆ?

ಎರೆಹೊಲದ ಬಿಳಿಜೋಳದ ಕಾಳು ಹೀಗೆ ಕಂದಾಯವಾಗಿ, ಕಂದಾಯ ಹೈದರಾಬಾದಿಗೆ ಹೋಗಿ, ಅಲ್ಲಿಂದ ರೋಮ್‌ಗೆ ಹೋಗಿ ಅಮೃತಶಿಲೆಯಾಗಿ ಮರಳಿತು. ಯಾವ ಊರಿನ ಯಾವ ರೂಪಾಯಿ ಎಂದು ಬಿಡಿಸಿ ನೋಡಬೇಕಿಲ್ಲ. ಆ ಮನೆತನದ ಸಿರಿಯ ಬುಡ ಜಹಗೀರು, ಜಹಗೀರಿನ ಬುಡ ರೈತನ ಬೆವರು. ಕಾಕಾನ ಲೆಕ್ಕ ತಪ್ಪಿರಲಿಲ್ಲ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು. ಅದಕ್ಕೆ ಮುಂಚೆ ನಿಜಾಮನ ಪರದ ಪಡೆಯಾದ ರಜಾಕಾರರ ಹಾವಳಿಯ ಎದುರು ಈ ಭಾಗದ ಜನ ಗಡಿಯಾಚೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಕಟ್ಟಿ ಹೋರಾಡಿದ್ದರು. ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಪುಂಡಲೀಕಪ್ಪ ಜ್ಞಾನಮೋಠೆಯವರ ಹೆಸರು ಇಂದಿಗೂ ಹಳಬರ ಬಾಯಲ್ಲಿದೆ. ಮರುವರ್ಷ ಆಗಸ್ಟ್ 15ರಂದು ಜಹಗೀರು ರದ್ದತಿಯ ಕಾಯ್ದೆ ಬಂತು. ಮೂರನೆಯ ಸಾಲಾರ್ ಜಂಗ್ ಅದೇ ವರ್ಷ ಮಾರ್ಚ್‌ನಲ್ಲಿ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಆ ಮನೆತನ ಕೂಡಿಟ್ಟಿದ್ದ ನಲವತ್ತು ಸಾವಿರಕ್ಕೂ ಹೆಚ್ಚು ವಸ್ತುಗಳು 1951ರ ಡಿಸೆಂಬರ್‌ನಲ್ಲಿ ಸಾರ್ವಜನಿಕರ ನೋಟಕ್ಕೆ ತೆರೆದುಕೊಂಡವು. 1961ರಲ್ಲಿ ಸಂಸತ್ತು ಆ ಸಂಗ್ರಹಾಲಯವನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಸಾರಿತು. ಮುಸುಕಿನ ರೆಬೆಕ್ಕಾ ಹೀಗೆ ಎಲ್ಲರ ಸ್ವತ್ತಾದಳು.

27 ರೂಪಾಯಿಯ ಅದಿರು

ಎರಡನೆಯ ಸಲ ಸಂಪತ್ತಿನ ಪ್ರವಾಹ ಬಂದದ್ದು ತುಂಗಭದ್ರೆಯ ಆಚೆ ದಂಡೆಯಿಂದ. ಈ ಶತಮಾನದ ಮೊದಲ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವು ಹೆಚ್ಚಿದಂತೆ ಬಳ್ಳಾರಿ, ಸಂಡೂರಿನ ಕೆಂಪು ಗುಡ್ಡಗಳಿಗೆ ಬಂಗಾರದ ಬೆಲೆ ಬಂತು. ಆ ಕಾಲದ ಒಂದು ಲೆಕ್ಕವನ್ನು ಎಲ್ಲರೂ ನೆನಪಿಡಬೇಕು. 2009ರ ಆಗಸ್ಟ್‌ವರೆಗೆ ಕಬ್ಬಿಣದ ಅದಿರಿಗೆ ರಾಜಧನ ನಿಗದಿಯಾಗುತ್ತಿದ್ದದ್ದು ಟನ್ನಿನ ಮೇಲೆ. ಅತ್ಯುತ್ತಮ ದರ್ಜೆಯ ಅದಿರಿಗೂ ಸರ್ಕಾರಕ್ಕೆ ಸಿಗುತ್ತಿದ್ದದ್ದು ಟನ್ನಿಗೆ 27 ರೂಪಾಯಿ. ಅದೇ ಟನ್ನು ಬಂದರಿನಲ್ಲಿ ಸಾವಿರಾರು ರೂಪಾಯಿಗೆ ಬಿಕರಿಯಾಗುತ್ತಿತ್ತು.

ಕೋಟ್ಯಂತರ ವರ್ಷಗಳಲ್ಲಿ ಭೂಮಿ ತಾನೇ ಮಾಡಿಟ್ಟ ಸಂಪತ್ತು ಅದು. ಸಂವಿಧಾನದ ಆಶಯದಂತೆ ನಾಡಿನ ಎಲ್ಲರ ಒಳಿತಿಗೆ ಸಲ್ಲಬೇಕಾದದ್ದು. ಟನ್ನಿಗೆ 27 ರೂಪಾಯಿ ಎಂಬ ಒಂದು ಸರ್ಕಾರಿ ದರ, ಎಲ್ಲರ ಸಂಪತ್ತನ್ನು ಕೆಲವರ ಸಂಪತ್ತು ಮಾಡಿತು. ಅತಿ ಸಿರಿವಂತರ ಹಿಂದೆ ಬುದ್ಧಿ, ಸಾಹಸ, ದುಡಿಮೆ ಇರುತ್ತದೆ ಎನ್ನುತ್ತಾರೆ. ಇರಬಹುದು. ಆದರೆ ಹೀಗೊಂದು ಅಗ್ಗದ ದರ, ಒಂದು ಪರ್ಮಿಟ್ಟು, ಕಣ್ಣು ಮುಚ್ಚಿಕೊಂಡ ಒಂದು ಚೆಕ್‌ಪೋಸ್ಟ್ ಇಲ್ಲದೆ ಹೋಗಿದ್ದರೆ ನಾಲ್ಕಾರು ವರ್ಷಗಳಲ್ಲಿ ಅಷ್ಟು ಹಣ ಯಾರ ಕೈಗೂ ಬರುತ್ತಿರಲಿಲ್ಲ.

ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ಕೊಟ್ಟ ವರದಿ, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದಿತ್ತು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಸೆಪ್ಟೆಂಬರ್ 5ರಂದು ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿಯವರನ್ನು ಓಬಳಾಪುರಂ ಅಕ್ರಮ ಗಣಿ ಪ್ರಕರಣದಲ್ಲಿ ಸಿಬಿಐ ಬಂಧಿಸಿತು. 2015ರಲ್ಲಿ ಅವರಿಗೆ ಜಾಮೀನು ಸಿಕ್ಕಾಗ ಬಳ್ಳಾರಿ ಜಿಲ್ಲೆಗೆ ಕಾಲಿಡಬಾರದೆಂಬ ಷರತ್ತು ಇತ್ತು.

2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ನೋಟುಗಳು ರದ್ದಾದವು. ಮರುದಿನಗಳಲ್ಲಿ ನಮ್ಮೂರ ಬ್ಯಾಂಕುಗಳ ಮುಂದೆ ಹೆಂಗಸರು ಸೀರೆಯ ಗಂಟಿನಲ್ಲಿ ಕೂಡಿಟ್ಟಿದ್ದ ನೋಟು ಹಿಡಿದು ಬೆಳಗಿನಿಂದ ನಿಂತದ್ದು ನನಗೆ ನೆನಪಿದೆ. ಮದುವೆ ಇಟ್ಟುಕೊಂಡಿದ್ದವರು ಎರಡೂವರೆ ಲಕ್ಷ ರೂಪಾಯಿ ತೆಗೆಯಲು ಲಗ್ನಪತ್ರಿಕೆ ತೋರಿಸಬೇಕಾಗಿತ್ತು. ಅದೇ ತಿಂಗಳ 16ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರೆಡ್ಡಿಯವರ ಮಗಳ ಮದುವೆ ನಡೆಯಿತು. ಹಂಪಿಯ ವಿಜಯ ವಿಠ್ಠಲ ದೇವಾಲಯವನ್ನೇ ಹೋಲುವ ಸೆಟ್ಟು ಅಲ್ಲಿ ಎದ್ದಿತ್ತು. ಆಮಂತ್ರಣ ತೆರೆದರೆ ವಿಡಿಯೊ ಹಾಡು ಬರುತ್ತಿತ್ತು. ಯಾರ ಮನೆಯ ಮದುವೆಯೂ ಚೆನ್ನಾಗಿಯೇ ಆಗಲಿ. ಆದರೆ ಒಂದೇ ವಾರದಲ್ಲಿ ಒಂದೇ ನಾಡಿನೊಳಗೆ ಆ ಎರಡು ಚಿತ್ರಗಳನ್ನು ಕಂಡ ಜನ ತಮ್ಮ ಮಕ್ಕಳಿಗೆ ‘ಕಾನೂನು ಎಲ್ಲರಿಗೂ ಒಂದೇ’ ಎಂದು ಹೇಗೆ ಹೇಳಿಕೊಡಬೇಕು?

ಬಳ್ಳಾರಿಯ ಬಾಗಿಲು ಮುಚ್ಚಿದ್ದರಿಂದ ರೆಡ್ಡಿಯವರು ನೆರೆಯ ಗಂಗಾವತಿಗೆ ಬಂದರು. 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ, ಐದೇ ತಿಂಗಳಲ್ಲಿ ಗಂಗಾವತಿಯ ಶಾಸಕರಾದರು. 2024ರಲ್ಲಿ ಆ ಪಕ್ಷ ಬಿಜೆಪಿಯಲ್ಲಿ ವಿಲೀನವಾಯಿತು. 2025ರ ಮೇ 6ರಂದು ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಅದೇ ಓಬಳಾಪುರಂ ಪ್ರಕರಣದಲ್ಲಿ ಅವರಿಗೆ ಏಳು ವರ್ಷ ಜೈಲು ಶಿಕ್ಷೆ ವಿಧಿಸಿತು. ಶಾಸಕತ್ವ ಹೋಯಿತು. ಮುಂದಿನ ತಿಂಗಳು ತೆಲಂಗಾಣ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು, ಶಾಸಕತ್ವ ಮರಳಿತು. ಅವರು ಆರೋಪಗಳನ್ನು ಒಪ್ಪಿಲ್ಲ. ಅಂತಿಮ ತೀರ್ಪು ನ್ಯಾಯಾಲಯಕ್ಕೆ ಬಿಟ್ಟದ್ದು.

ನನ್ನ ಚಿಂತೆ ಒಬ್ಬ ವ್ಯಕ್ತಿಯದಲ್ಲ. ಗಂಗಾವತಿಯ ಮತದಾರರು ತಮಗೆ ಸರಿ ಕಂಡದ್ದನ್ನು ಮಾಡಿದರು, ಅದು ಅವರ ಹಕ್ಕು. ಆದರೆ ಐದು ತಿಂಗಳಲ್ಲಿ ಪಕ್ಷ ಕಟ್ಟಿ ವಿಧಾನಸೌಧ ಮುಟ್ಟುವ ದಾರಿ ಕುಷ್ಟಗಿಯ ಶಾಲಾ ಮಾಸ್ತರಿಗೆ, ಕಾರಟಗಿಯ ಹಮಾಲಿಗೆ ಇದೆಯೇ? ವಿಧಾನಸಭೆಯ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು ಎಂಬುದು ಕಾನೂನು. ಆ ಮಿತಿಯೇ ಹಳ್ಳಿಯ ಮನುಷ್ಯನಿಗೆ ಆಕಾಶ. 2023ರಲ್ಲಿ ಗೆದ್ದ ನಮ್ಮ ರಾಜ್ಯದ ಶಾಸಕರಲ್ಲಿ ನೂರಕ್ಕೆ 97 ಜನ ಕೋಟ್ಯಧೀಶರು, ಅವರ ಸರಾಸರಿ ಆಸ್ತಿ ಸುಮಾರು 64 ಕೋಟಿ ರೂಪಾಯಿ ಎಂದು ಅವರದೇ ಪ್ರಮಾಣಪತ್ರಗಳನ್ನು ಕೂಡಿಸಿ, ಚುನಾವಣೆಗಳ ಮೇಲೆ ಕಣ್ಣಿಡುವ ಎಡಿಆರ್ ಸಂಸ್ಥೆ ಲೆಕ್ಕ ಕೊಟ್ಟಿತು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರ ಪರವಾಗಿ ಮಾತಾಡಬೇಕಾದ ಮನೆಯಲ್ಲಿ ಆ ಸಾಲು ಕಂಡವರೇ ಕಡಿಮೆಯಾಗಿದ್ದಾರೆ.

ಎರಡು ನೀರಿನ ಘಟಕ

ಸಂಪತ್ತಿನ ಪರಿಣಾಮವನ್ನು ಇನ್ನೂ ಹತ್ತಿರದಿಂದ ನೋಡಬೇಕಾದರೆ ನಮ್ಮ ಹಳ್ಳಿಗಳಿಗೆ ಬನ್ನಿ. ಕುಷ್ಟಗಿ, ಯಲಬುರ್ಗಾ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು. ಕಂದು ಕಲೆ ಬಿದ್ದ ಹಲ್ಲು, ಚಿಕ್ಕ ವಯಸ್ಸಿಗೇ ಹಿಡಿದುಕೊಳ್ಳುವ ಮೊಣಕಾಲು ಇಲ್ಲಿ ಹೊಸದಲ್ಲ. ನಾನು ಬಲ್ಲ ಒಂದು ಊರಿನಲ್ಲಿ ಶುದ್ಧ ನೀರಿನ ಘಟಕ ಎರಡಿದ್ದವು. ಒಂದು ಪಂಚಾಯ್ತಿಯದು. ಇನ್ನೊಂದು ಒಬ್ಬ ಸಾಹುಕಾರರು ಕಟ್ಟಿಸಿದ್ದು, ಬಾಗಿಲ ಮೇಲೆ ಅವರ ಭಾವಚಿತ್ರ.

ಪಂಚಾಯ್ತಿಯ ಘಟಕ ಕೆಟ್ಟಾಗ ನಾಲ್ಕನೆಯ ದಿನಕ್ಕೆ ಹೆಂಗಸರು ಖಾಲಿ ಕೊಡ ಹಿಡಿದು ಪಂಚಾಯ್ತಿ ಕಚೇರಿಯ ಮುಂದೆ ಕೂತರು. ಪಿಡಿಒ ಬಂದು ಉತ್ತರ ಕೊಡಬೇಕಾಯಿತು, ವಾರದಲ್ಲಿ ರಿಪೇರಿಯೂ ಆಯಿತು. ಸಾಹುಕಾರರ ಘಟಕ ಕೆಟ್ಟಾಗ ಎರಡು ತಿಂಗಳು ಯಾರೂ ಮಾತಾಡಲಿಲ್ಲ. ಯಾಕೆ ಎಂದು ಕೇಳಿದರೆ ಒಬ್ಬ ತಾಯಿ ಹೇಳಿದ್ದು: ‘ಪುಣ್ಯಾಕ ಕೊಟ್ಟಿದ್ದನ್ನ ಹೆಂಗ ಕೇಳೂದ್ರಿ?’

ದಾನ ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ತಾಯಿಯ ಮಾತಿನಲ್ಲಿ ದೊಡ್ಡ ನಷ್ಟವೊಂದು ಅಡಗಿದೆ. ಪಂಚಾಯ್ತಿಯ ಮುಂದೆ ಅವಳು ಪಾಲುದಾರಳು, ಗದರಿಸಬಲ್ಲಳು. ಸಾಹುಕಾರರ ಮುಂದೆ ಅವಳು ಉಪಕಾರ ಪಡೆದವಳು, ಕೈಮುಗಿಯಬಲ್ಲಳು ಅಷ್ಟೇ. ಸರ್ಕಾರ ಹಿಂದೆ ಸರಿದಷ್ಟೂ, ಕೆಲವರ ಕೈ ದೊಡ್ಡದಾದಷ್ಟೂ, ಶಾಲೆಯ ಕೋಣೆಗೆ, ಆಪರೇಷನ್ನಿಗೆ, ಮಕ್ಕಳ ಲಗ್ನಕ್ಕೆ ಎಲ್ಲದಕ್ಕೂ ಯಾರದೋ ಮನೆಯ ಕಟ್ಟೆ ಹತ್ತುವ ರೂಢಿ ಬೆಳೆಯುತ್ತದೆ. ಜಹಗೀರುದಾರನ ಕಾಲದಲ್ಲಿ ನಮ್ಮ ಮುತ್ಯಾಂದಿರು ನಿಂತದ್ದೂ ಹೀಗೆಯೇ. ಇದನ್ನೇ ನಾನು ವಿಪರೀತ ಸಿರಿವಂತಿಕೆಯ ಅತಿ ದೊಡ್ಡ ಕೇಡು ಎನ್ನುತ್ತೇನೆ: ‘ನನಗೂ ಪಾಲಿದೆ’ ಎಂಬ ಮಾತು ಜನರ ಬಾಯಲ್ಲೇ ಒಣಗಿಹೋಗುತ್ತದೆ.

ಇದು ನಮ್ಮ ಜಿಲ್ಲೆಯ ಕಥೆ ಮಾತ್ರವಲ್ಲ. ಪಿಕೆಟ್ಟಿ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಭಾರತದ ಒಟ್ಟು ಸಂಪತ್ತಿನಲ್ಲಿ ನೂರಕ್ಕೆ 40ರಷ್ಟು, ಅತಿ ಮೇಲಿನ ಶೇಕಡ ಒಂದರಷ್ಟು ಜನರ ಕೈಯಲ್ಲಿದೆ. ಆದಾಯದಲ್ಲಿ ಅವರ ಪಾಲು ನೂರಕ್ಕೆ 22ಕ್ಕಿಂತ ಹೆಚ್ಚು. ಬ್ರಿಟಿಷರ ಕಾಲಕ್ಕಿಂತಲೂ ಈಗಿನ ಅಂತರ ದೊಡ್ಡದು ಎಂಬುದು ಅವರ ನಿಲುವು. ನಮ್ಮ ದೇಶದಲ್ಲಿ ಸತ್ತವರ ಆಸ್ತಿಯ ಮೇಲಿನ ತೆರಿಗೆ 1953ರಲ್ಲಿ ಬಂದು 1985ರಲ್ಲಿ ಹೋಯಿತು. ಸಂಪತ್ತಿನ ಮೇಲಿನ ತೆರಿಗೆ 1957ರಲ್ಲಿ ಬಂದು 2015ರಲ್ಲಿ ಹೋಯಿತು. ವಸೂಲಿಯ ಖರ್ಚು ಹೆಚ್ಚು, ಬರುವ ಹಣ ಕಡಿಮೆ ಎಂಬುದು ಆಗ ಕೊಟ್ಟ ಕಾರಣ. ತಪ್ಪಿಸಿಕೊಳ್ಳುವ ಕಿಂಡಿ ಮುಚ್ಚುವ ಬದಲು ತೆರಿಗೆಯನ್ನೇ ಬಿಟ್ಟೆವು. ಗುಳೆ ಹೊರಟ ಕೂಲಿಕಾರ ಮಂಗಳೂರಿನಲ್ಲಿ ಸೋಪು ಕೊಂಡರೂ ಜಿಎಸ್‌ಟಿ ಕೊಡುತ್ತಾನೆ. ನೂರಾರು ಕೋಟಿಯ ಆಸ್ತಿ ಮಾತ್ರ ತಂದೆಯಿಂದ ಮಗನಿಗೆ ಒಂದು ರೂಪಾಯಿ ವಾರಸುದಾರಿಕೆ ತೆರಿಗೆಯಿಲ್ಲದೆ ದಾಟುತ್ತದೆ.

ಒಂದು ಸರಪಳಿಗೆ ಜೋತುಬಿದ್ದ ಸಿರಿ

ಗಂಗಾವತಿಯನ್ನು ಭತ್ತದ ಕಣಜ ಎನ್ನುತ್ತೇವೆ. ಆ ಸಿರಿ ಯಾರೋ ಒಬ್ಬರು ತಂದದ್ದಲ್ಲ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ಕಾಲುವೆಗೆ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು, ಅದರ ಎಡದಂಡೆ ಕಾಲುವೆ ತಂದದ್ದು. ಕಟ್ಟಿದ್ದು ಸಾರ್ವಜನಿಕ ಹಣದಿಂದ. ಎಷ್ಟೋ ಹಳ್ಳಿಗಳು ಅದಕ್ಕಾಗಿ ನೀರಿನಲ್ಲಿ ಮುಳುಗಿದವು. ಇವತ್ತು ಕಾಲುವೆಗುಂಟ ಸಾಲಾಗಿ ನಿಂತಿರುವ ರೈಸ್‌ಮಿಲ್ಲು, ದೊಡ್ಡ ದೊಡ್ಡ ಮನೆ ಎಲ್ಲದರ ತಳಪಾಯದಲ್ಲಿ ಆ ನೀರಿದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಆ ವಾರ ಗಂಗಾವತಿ, ಕಾರಟಗಿ, ಸಿಂಧನೂರಿನ ರೈತರು ನಿದ್ದೆ ಮಾಡಲಿಲ್ಲ. ಹತ್ತು ಎಕರೆಯವನೂ ನೂರು ಎಕರೆಯವನೂ ಒಂದೇ ನದಿಯತ್ತ ನೋಡುತ್ತಿದ್ದರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು ತಂತ್ರಜ್ಞರ, ಕೂಲಿಕಾರರ ಧೈರ್ಯ. ಖಾಸಗಿ ತಿಜೋರಿಗಳು ಎಷ್ಟು ತುಂಬಿದರೂ, ಎಲ್ಲರ ಪಾಲಿನ ಸರಪಳಿಗೆ ಎಣ್ಣೆ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೆ?

ಅದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳಿಗೆ ಆ ಕಾಲುವೆ ಇಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಇವೆರಡೂ ಆ ಪಟ್ಟಿಯಲ್ಲಿದ್ದವು. ಆಮೇಲೆ ವೈಜನಾಥ ಪಾಟೀಲರಂಥವರ ದಶಕಗಳ ಹೋರಾಟದ ಫಲವಾಗಿ, ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲು ಕೊಡುವ 371 ಜೆ ಕಲಮು ಸಂವಿಧಾನಕ್ಕೆ ಸೇರಿತು. ಇವತ್ತು ಯಲಬುರ್ಗಾದ ರೈತನ ಮಗಳು ಮೆಡಿಕಲ್ ಸೀಟು ಪಡೆದರೆ ಅದಕ್ಕಾಗಿ ಯಾರ ಕಾಲಿಗೂ ಬೀಳಬೇಕಿಲ್ಲ. ಅದು ಕಾನೂನು ಕೊಟ್ಟ ಪಾಲು. ಇಂಥ ಒಂದು ಕಲಮು ಸಾವಿರ ಸಾಹುಕಾರರ ಔದಾರ್ಯಕ್ಕಿಂತ ದೊಡ್ಡದು.

ಹೆಸರಿಲ್ಲದ ರೊಟ್ಟಿ

ಪಾಲು ಎಂದರೇನು ಎಂಬುದು ಕೊಪ್ಪಳಕ್ಕೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಪ್ರತಿ ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಹಳ್ಳಿ ಹಳ್ಳಿಗಳಿಂದ ರೊಟ್ಟಿ ಬರುತ್ತದೆ. ವಾರಗಟ್ಟಲೆ ಮೊದಲೇ ಓಣಿಯ ಹೆಂಗಸರು ಒಂದು ಅಂಗಳದಲ್ಲಿ ಕೂಡಿ ಜೋಳದ ಹಿಟ್ಟು ನಾದಿ, ತಟ್ಟಿ, ಬೇಯಿಸಿ, ಕಟಿಯಾಗುವಂತೆ ಒಣಗಿಸುತ್ತಾರೆ. ಟ್ರ್ಯಾಕ್ಟರಿನಲ್ಲಿ ಡೊಳ್ಳು ಬಾರಿಸಿಕೊಂಡು ಒಯ್ಯುತ್ತಾರೆ. ಗವಿಮಠದ ದಾಸೋಹದಲ್ಲಿ ಲಕ್ಷಾಂತರ ರೊಟ್ಟಿಗಳು ಬಣವೆಯಂತೆ ಏರುತ್ತವೆ.

ಕಾಕಾನ ಮನೆಯಿಂದಲೂ ಪ್ರತಿ ವರ್ಷ ಒಂದು ಗಂಟು ಹೋಗುತ್ತದೆ. ನಿಮ್ಮದು ಯಾವುದು ಎಂದು ಒಮ್ಮೆ ಕೇಳಿದ್ದೆ. ‘ರಾಶಿಯಾಗ ಹಾಕಿದ ಮ್ಯಾಲೆ ನಂದು ನಿಂದು ಏನೈತಪಾ’ ಎಂದು ಪಂಕ್ತಿಯಲ್ಲಿ ಕೂತು ಊಟ ಮಾಡಿದರು. ಕೊಟ್ಟವನ ಭಾವಚಿತ್ರ ಅಲ್ಲಿಲ್ಲ. ಕೊಟ್ಟವನೂ ಉಣ್ಣುವವನೂ ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ಅದೇ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವೊಂದಿದೆ. ಒಳಿತಿನ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಪ್ರಯತ್ನಪಟ್ಟರೆ ಚಿಕ್ಕವರಿಗೂ ಸಿಗುತ್ತದೆ ಎಂಬುದು ಅದರ ಸಾರ. ಎರಡು ಸಾವಿರದ ಇನ್ನೂರು ವರ್ಷಗಳಿಂದ ಆ ಮಾತು ಊರ ಮೇಲೆ ನಿಂತಿದೆ.

ದಾಸೋಹ ತೆರಿಗೆಗೆ ಬದಲಿಯಲ್ಲ, ಆಗಲೂ ಬಾರದು. ಆದರೆ ತೆರಿಗೆ ಹೇಗಿರಬೇಕು ಎಂಬುದಕ್ಕೆ ಅದು ಮಾದರಿ. ಉಳ್ಳವರು ಉಳ್ಳಷ್ಟಕ್ಕೆ ತಕ್ಕಂತೆ ರಾಶಿಗೆ ಹಾಕಬೇಕು. ಹಾಕಿದ ಮೇಲೆ ಅದರ ಮೇಲೆ ಹೆಸರು ಬರೆಯಬಾರದು. ಎತ್ತಿಕೊಳ್ಳುವವನು ತಲೆ ತಗ್ಗಿಸಬಾರದು. ಭಾರಿ ಆಸ್ತಿಗಳ ಮೇಲೆ ಮತ್ತೆ ತೆರಿಗೆ ಬರಲಿ, ಗುಡ್ಡದಿಂದ ತೆಗೆದ ಅದಿರಿಗೆ ನಾಡಿಗೆ ಸಲ್ಲಬೇಕಾದ ಬೆಲೆ ಸಲ್ಲಲಿ, ಚುನಾವಣೆಯ ಖರ್ಚಿಗೆ ನಿಜವಾದ ಮೂಗುದಾರ ಬೀಳಲಿ ಎಂದು ಕೇಳುವುದು ಹೊಟ್ಟೆಕಿಚ್ಚಲ್ಲ. ರಾಶಿಗೆ ಕಾಳು ಹಾಕಿದವರ ಮನೆಯವರು ಕೇಳುವ ಲೆಕ್ಕ ಅದು.

ಅವತ್ತು ಸಂಗ್ರಹಾಲಯದಿಂದ ಹೊರಡುವ ಮುಂಚೆ ಕಾಕಾ ಮತ್ತೆ ರೆಬೆಕ್ಕಾಳ ಹತ್ತಿರ ಹೋದರು. ಫಲಕದ ಮೇಲಿನ ಅಕ್ಷರಗಳನ್ನು ಬೆರಳಿನಿಂದ ತೋರಿಸಿ, ಓದಿ ಹೇಳು ಅಂದರು. ಶಿಲ್ಪಿಯ ಹೆಸರು ಓದಿದೆ, ವರ್ಷ ಓದಿದೆ.

‘ಯಲಬುರ್ಗಾ ಅಂತ ಎಲ್ಲಿ ಬರದಾರ?’

ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕು. ಕೊಪ್ಪಳ, ಯಲಬುರ್ಗಾದ ಹೆಸರು ಆ ಫಲಕದ ಮೇಲೆ ಒಂದು ಸಾಲಾದರೂ ಇರಬೇಕು ಎಂದು ಕೇಳುವ ಅರ್ಜಿಯೊಂದನ್ನು ಬರೆಯುತ್ತಿದ್ದೇನೆ. ಮೊದಲ ಹೆಬ್ಬೆಟ್ಟು ಕಾಕಾನದು.